ಕೈ ತೊಳೆಯುವ ನೆಪ

ಮೇಡಂ ತೀರಿಕೊಂಡ ಮೂರನೆಯ ದಿನ ಅವರ ತಮ್ಮ ಫೋನ್ ಮಾಡಿ, ಶೋಕಸಭೆಯಲ್ಲಿ ಇಡಲು ಒಂದು ಒಳ್ಳೆಯ ಫೋಟೋ ಕಳಿಸಿ ಎಂದರು. ಅದೇನು ಮಹಾ ಎಂದುಕೊಂಡೆ. ಆರು ವರ್ಷ ಅವರ ಜೊತೆ ಕೆಲಸ ಮಾಡಿದವಳು ನಾನು. ಫೋನಿನಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ ಸಾವಿರಾರು ಫೋಟೋಗಳಿವೆ. ಕೂತು ಹುಡುಕಿದೆ. ಬಾಗಿಲು, ಮೆಟ್ಟಿಲು, ತೊಲೆ, ಕಂಬ, ಬಚ್ಚಲ ಮೋರಿ ಎಲ್ಲವೂ ಇದ್ದವು. ಮೇಡಂ ಮುಖ ಒಂದರಲ್ಲೂ ಇರಲಿಲ್ಲ. ಇದ್ದದ್ದು ಅವರ ಬಲಗೈ ಹೆಬ್ಬೆರಳು ಮಾತ್ರ. ಗೋಡೆಯ ಮೂಲೆಗೆ ಅಳತೆ ಟೇಪಿನ ತುದಿಯನ್ನು ಒತ್ತಿ ಹಿಡಿದ, ಉಗುರಿನೊಳಗೆ ಸೀಮೆಸುಣ್ಣ ಸೇರಿಕೊಂಡ ಹೆಬ್ಬೆರಳು.

ಟೇಪಿನ ಸೊನ್ನೆಯ ತುದಿಯನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಎಳೆದುಕೊಂಡು ಹೋಗಿ ಅಂಕಿ ಓದುವುದು ನಮ್ಮ ಕೆಲಸ, ಸೊನ್ನೆ ಹಿಡಿಯುವುದು ಅವರದು. "ಸೊನ್ನೆ ಸರಿ ಕುಂದ್ರಲಿಲ್ಲಂದ್ರ ಮುಂದಿಂದೆಲ್ಲಾ ಸುಳ್ಳೇ" ಎನ್ನುತ್ತಿದ್ದರು. ಕೊನೆಗೆ ಅವರ ತಮ್ಮ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಅದರಲ್ಲಿ ಮೇಡಂ ಯಾರ ಮೇಲೋ ಸಿಟ್ಟಾದಂತೆ ಕಾಣುತ್ತಾರೆ. ಅಷ್ಟರಮಟ್ಟಿಗೆ ಫೋಟೋ ಸರಿಯಾಗಿಯೇ ಬಂದಿದೆ.

ಆ ಫೋಟೋದ ಕೊರತೆ ತುಂಬಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಕಟ್ಟಡದ ಮುಂದೆ ತನ್ನ ಹೆಸರಿನ ಕಲ್ಲು ಕೂಡಿಸುವ ಆರ್ಕಿಟೆಕ್ಟರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮನೆ ಕಟ್ಟಿದವರ ಹೆಸರು ಮನೆಯಲ್ಲಿರುವವರಿಗೆ ಯಾಕೆ ಬೇಕು ಎಂಬುದು ಅವರ ವಾದ. ನಾನೂ ಆ ವಾದ ಮುರಿಯಲು ಹೋಗುವುದಿಲ್ಲ.

ಅವರು ಕಲಬುರಗಿ ಕಡೆಯವರು. ಓದಲು ಮಹಾರಾಷ್ಟ್ರಕ್ಕೆ ಬಂದು ಸಂಭಾಜಿನಗರದಲ್ಲಿ ನೆಲೆ ನಿಂತವರು. ಮದುವೆಯ ವಿಷಯ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ನಾನು ಕೆಲಸ ಕೇಳಿಕೊಂಡು ಹೋದ ದಿನ ನನ್ನ ಸರ್ಟಿಫಿಕೇಟುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಹಾಳೆ, ಪೆನ್ಸಿಲ್ ಕೊಟ್ಟು, ನೀನು ಇರುವ ಮನೆಯ ನಕ್ಷೆಯನ್ನು ನೆನಪಿನಿಂದ ಬರೆ ಎಂದರು. ಊರ ಹೊರಗಿನ ವಾಳೂಜಿನಲ್ಲಿ ನಮ್ಮದು ಎರಡೂವರೆ ಕೋಣೆಯ ಮನೆ. ಅಪ್ಪ ಬೀದರಿನಿಂದ ಬಂದು ಅಲ್ಲಿಯ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಪಾಳಿ ಮಾಡಿದವರು. ಹುಟ್ಟಿ ಬೆಳೆದ ಮನೆ, ಐದು ನಿಮಿಷದಲ್ಲಿ ಬರೆದು ಕೊಟ್ಟೆ. ಅಷ್ಟರಲ್ಲಿ ಅಪ್ಪನ ಫೋನ್ ಬಂತು, ನಾನು "ಹಾಂ ಅಪ್ಪಾ, ಕಾಲ್ ಕರ್ತೇ ನಂತರ್" ಎಂದು ಮೂರು ಭಾಷೆಯಲ್ಲಿ ಉತ್ತರಿಸಿ ಇಟ್ಟೆ. ಮೇಡಂ ತಲೆ ಎತ್ತಿದರು.

"ಕನ್ನಡದಾಕಿ ಏನು?"

"ತಿಳೀತದ, ಬೋಲಾಯಲಾ ಅಷ್ಟು ಬರಲ್ಲ" ಎಂದೆ. ಮಾತಾಡಲು ಎನ್ನುವುದಕ್ಕೂ ಬಾಯಿಗೆ ಬಂದದ್ದು ಮರಾಠಿಯೇ.

"ತಿಳೀತದಲ್ಲ, ಸಾಕು. ಹಂಗಾದ್ರ ಇದು ಹೇಳು. ನಿಮ್ಮ ಬಚ್ಚಲ ನೀರು ಎಲ್ಲಿಂದ ಹೊರಗ ಹೋಗ್ತದ?"

ನಕ್ಷೆ ನೋಡಿದೆ. ನಲ್ಲಿ ಬರೆದಿದ್ದೆ, ಬಕೆಟ್ಟು ಕೂಡ ಬರೆದಿದ್ದೆ. ನೀರು ಹೊರಹೋಗುವ ತೂತು ಬರೆದಿರಲಿಲ್ಲ. "ಇಪ್ಪತ್ತ ವರ್ಷ ಜಳಕ ಮಾಡೀರಿ, ನೀರೆಲ್ಲಾ ಮನ್ಯಾಗೇ ಅದ ಹಂಗಾದ್ರ" ಎಂದು ನಕ್ಕರು. ಕೆಲಸ ಸಿಕ್ಕಿತು. ಅವತ್ತೇ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಮುಂದೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ನಮಗೆ ನಾಸಿಕ್‌ನ ಕೆಲಸ ಬಂದದ್ದು ನಾನು ಸೇರಿದ ಮೂರನೆಯ ವರ್ಷ. ಗೋದಾವರಿಯ ದಂಡೆಯಿಂದ ಮೇಲೇರುವ ಹಳೆಯ ಊರನ್ನು ಇದ್ದದ್ದು ಇದ್ದ ಹಾಗೆಯೇ ಕಂಪ್ಯೂಟರಿನೊಳಗೆ ಕಟ್ಟಬೇಕು. ಉದ್ದ, ಅಗಲ, ಎತ್ತರ ಮೂರೂ ಇರಬೇಕು. ಮೌಸ್ ತಿರುಗಿಸಿದರೆ ಊರೂ ತಿರುಗಬೇಕು. ಡ್ರೋನ್ ಹಾರಿಸಿ, ಲೇಸರ್ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಓಣಿ ಓಣಿ ಅಡ್ಡಾಡಿ ಅಳತೆ ತಂದದ್ದು ಬೇರೊಂದು ಕಂಪನಿ. ಕೋಟಿಗಟ್ಟಲೆ ಚುಕ್ಕಿಗಳಾಗಿ ಬಂದ ಆ ಅಳತೆಯನ್ನು ಮನೆಯ ಆಕಾರಕ್ಕೆ ತಂದು, ಅದು ನಿಜಕ್ಕೂ ಮನೆಯೇ ಹೌದೋ ಅಲ್ಲವೋ ಎಂದು ನೋಡಿ ಸಹಿ ಮಾಡುವುದು ನಮ್ಮ ಪಾಲಿನ ಕೆಲಸ. ಊರಿನ ಪೂರದ, ಅಂದರೆ ನೆರೆಹಾವಳಿಯ, ಯೋಜನೆ ಈ ಮಾದರಿಯ ಮೇಲೆಯೇ ನಿಲ್ಲುವುದಿತ್ತು. ನದಿ ಏರಿದಾಗ ಯಾವ ಓಣಿಯ ಮಂದಿ ಯಾವ ದಾರಿಯಿಂದ ಹೊರಬೀಳಬೇಕು, ಅಗ್ನಿಶಾಮಕದವರು ಎಲ್ಲಿ ಹೋಗಿ ನಿಲ್ಲಬೇಕು ಎಂಬುದನ್ನೆಲ್ಲ ಇದನ್ನು ನೋಡಿಯೇ ತೀರ್ಮಾನಿಸುವುದು.

ಮೇಡಂಗೆ ಕಂಪ್ಯೂಟರ್ ಒಲಿದಿರಲಿಲ್ಲ. ಮೌಸನ್ನು ತಿಗಣೆ ಹೊಸಕುವವರಂತೆ ಒತ್ತುತ್ತಿದ್ದರು. ತಪ್ಪು ಕಂಡರೆ ಪರದೆಯ ಮೇಲೆಯೇ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ನಾನು ದಿನಾ ಬೆಳಿಗ್ಗೆ ಮಾನಿಟರ್ ಒರೆಸಿ ಕೆಲಸ ಶುರುಮಾಡುತ್ತಿದ್ದೆ. ಆದರೆ ಆ ಮಾದರಿಯಲ್ಲಿ ಒಂದು ಮೆಟ್ಟಿಲು ಅರ್ಧ ಅಡಿ ಹೆಚ್ಚು ಎತ್ತರ ಬಂದಿದ್ದರೂ ದೂರದಿಂದಲೇ, "ಈ ಮನಿ ಅಜ್ಜಿ ಇದನ್ನ ಹ್ಯಾಂಗ ಹತ್ತತಾಳ?" ಎನ್ನುತ್ತಿದ್ದರು. ನಮಗೆ ಕಟ್ಟಡ ಕಾಣುವ ಜಾಗದಲ್ಲಿ ಅವರಿಗೆ ಅಜ್ಜಿ ಕಾಣುತ್ತಿದ್ದಳು.

ವಾರಕ್ಕೆ ಮೂರು ದಿನ ನಾಸಿಕ್‌ಗೆ ಹೋಗುತ್ತಿದ್ದೆವು. ಮೇಡಂದು ಇಳಕಲ್ ಸೀರೆ, ಕೆಳಗೆ ಗಂಡಸರ ಓಟದ ಬೂಟು. ಚೀಲದಲ್ಲಿ ಟೇಪು, ಸೀಮೆಸುಣ್ಣ, ಶೇಂಗಾ ಹಿಂಡಿ ಹಚ್ಚಿ ಸುತ್ತಿದ ರೊಟ್ಟಿ. ಓಣಿಗಳಲ್ಲಿ ಅಳತೆಯ ಅಂಕಿಗಳನ್ನು ಕನ್ನಡದಲ್ಲಿಯೇ ಕೂಗಬೇಕೆಂಬುದು ಅವರ ಕಟ್ಟಪ್ಪಣೆ. ಭಾಷಾಭಿಮಾನವೆಂದು ತಿಳಿದಿದ್ದೆ. ಕಾರಣ ಬೇರೆಯೇ ಇತ್ತು. ವಾಡೆ ಎನ್ನುವ ಆ ಹಳೆಯ ದೊಡ್ಡ ಮನೆಗಳಲ್ಲಿ ಮಾಲೀಕರಿಗೂ ಬಾಡಿಗೆದಾರರಿಗೂ ಅವರವರ ಅಪ್ಪಂದಿರ ಕಾಲದಿಂದ ಕೋರ್ಟು ವ್ಯಾಜ್ಯ. ನಾನು ಮರಾಠಿಯಲ್ಲಿ "ಸಾಡೇ ನವೂ" ಎಂದರೆ ಸಾಕು, ಒಳಗಿನಿಂದ ಒಬ್ಬರು ಧಾವಿಸಿ ಬಂದು, ಹತ್ತು ಅಡಿ ಇತ್ತು, ಉಳಿದ ಅರ್ಧ ಅಡಿ ಯಾರು ನುಂಗಿದರು ಎಂದು ಜಗಳ ತೆಗೆಯುತ್ತಿದ್ದರು. ಕನ್ನಡದಲ್ಲಿ ಕೂಗಿದರೆ ಯಾರ ಅರ್ಧ ಅಡಿಯೂ ಹೋಗುತ್ತಿರಲಿಲ್ಲ. ನನ್ನ ಕನ್ನಡದ ಲೆಕ್ಕ ಹನ್ನೊಂದಕ್ಕೆ ನಿಲ್ಲುತ್ತಿತ್ತು. ಬಾಗಿಲುಗಳು ಅಷ್ಟರೊಳಗೆ ಮುಗಿಯುತ್ತಿದ್ದವು, ಪಡಸಾಲೆಗಳು ಮುಗಿಯುತ್ತಿರಲಿಲ್ಲ. ಹಾಗೆ ನಾನು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಟೇಪು ಹಿಡಿದು ಕನ್ನಡದ ಅಂಕಿ ಕಲಿತೆ. ಈಗ ಬರೆಯುತ್ತಿರುವ ಅಕ್ಷರಗಳೂ ಆಮೇಲೆ ಅವರಿಂದಲೇ ಬಂದವು.

ಇನ್ನು ಅವರ ಕೈ ತೊಳೆಯುವ ವಿಷಯ. ಹಳೆಯ ವಾಡೆಗಳಲ್ಲಿ ಹೊಸಬರನ್ನು ಹೊರಗಿನ ಪಡಸಾಲೆ ದಾಟಿಸುವುದಿಲ್ಲ. ನೀರು ಕೇಳಿದರೆ ನೀರು ಪಡಸಾಲೆಗೇ ಬರುತ್ತದೆ. ಚಹಾ ಕೇಳದೆಯೂ ಅಲ್ಲಿಗೇ ಬರುತ್ತದೆ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ಬಚ್ಚಲನ್ನು ಮಾತ್ರ ಪಡಸಾಲೆಗೆ ಹೊತ್ತು ತರಲಾರರು. ಮೇಡಂ ಸೀಮೆಸುಣ್ಣ ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿ, ಕೈ ತೊಳೆಯಲು ಜಾಗ ಇದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎಂದವರಿಲ್ಲ. ಹೀಗೆ ಚೌಕ ದಾಟಿ, ದೇವರ ಕೋಣೆ ದಾಟಿ, ಅಡುಗೆಮನೆಯ ಪಕ್ಕದಿಂದ ಮನೆಯ ಉದ್ದಕ್ಕೂ ನಡೆದು ಹಿಂದಿನ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಇಡೀ ಮನೆ ಅವರ ತಲೆಯಲ್ಲಿರುತ್ತಿತ್ತು.

"ಮಾಳಗಿ ಡ್ರೋನಿಗೆ ಕಾಣ್ತದ. ಗ್ವಾಡಿ ಲೇಸರಿಗೆ ಕಾಣ್ತದ. ಬಚ್ಚಲ ಕಾಣಬೇಕಂದ್ರ ಕೈ ಹೊಲಸಾಗಿರಬೇಕು" ಎನ್ನುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ತೊಳೆದು ತೊಳೆದು ಬೆರಳುಗಳು ಒಣಗಿ ಬಿರುಕು ಬಿಟ್ಟಿದ್ದವು. ಸಂಜೆ ಕಾರಿನಲ್ಲಿ ಕೂತು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದೇ ದಿನದ ಕೊನೆಯ ಕೆಲಸ.

ಚೈತ್ರದ ಒಂದು ಬೆಳಿಗ್ಗೆ ತಾಂಬಟರ ಓಣಿಯಲ್ಲಿದ್ದೆವು. ತಾಮ್ರದ ಪಾತ್ರೆ ಬಡಿಯುವವರ ಓಣಿ. ಕೆಳಗಿನ ಬಾಯಿ ನದಿಯ ಕಡೆ, ಮೇಲಿನ ತುದಿಯಲ್ಲಿ ಒಂದು ದೊಡ್ಡ ವಾಡೆ ಅಡ್ಡ ನಿಂತು ದಾರಿ ಮುಗಿಸಿಬಿಟ್ಟಿದೆ. ವಾಡೆಯ ಕಟ್ಟೆಯ ಮೇಲೆ ಎಂಬತ್ತರ ಹತ್ತಿರದ ಒಬ್ಬ ಆಜಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಮೇಡಂ ಕೈ ಚಾಚಿದರು. ಆಜಿ ಬೂಟಿನಿಂದ ಬೈತಲೆಯವರೆಗೆ ಒಮ್ಮೆ ನೋಡಿ, ಬಾ ಎಂದು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಫೋಟೋ ತೆಗೆಯುತ್ತಾ ನಿಂತೆ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಎಂಥ ಕೈ ತೊಳೆಯುವುದಪ್ಪಾ ಇದು ಎಂದುಕೊಳ್ಳುವಾಗ ಫೋನ್ ಬಂತು.

"ಎಲ್ಲಿ ಅದಿ?"

"ವಾಡೆ ಮುಂದ, ಮೇಡಂ."

"ನಾ ಮ್ಯಾಲಿನ ರಸ್ತಾದಾಗ ಅದೀನಿ, ಕಬ್ಬಿನ ಹಾಲಿನ ಅಂಗಡಿ ಮುಂದ. ಸುತ್ತಿ ಬಾ. ಎಷ್ಟೊತ್ತು ಹಿಡೀತದ ನೋಡೋಣ."

ಓಣಿಯುದ್ದ ಕೆಳಗಿಳಿದು, ನದಿಯ ದಂಡೆಗೆ ಬಂದು, ಇನ್ನೊಂದು ರಸ್ತೆಯಿಂದ ಏರಿ ಏದುಸಿರು ಬಿಡುತ್ತಾ ಮೇಲೆ ಮುಟ್ಟುವ ಹೊತ್ತಿಗೆ ಇಪ್ಪತ್ತು ನಿಮಿಷ. ಮೇಡಂ ಎರಡನೆಯ ಗ್ಲಾಸು ಕುಡಿಯುತ್ತಿದ್ದರು. ಅವರು ಬಂದದ್ದು ನಲವತ್ತು ಹೆಜ್ಜೆ. ವಾಡೆಯ ಹೊಟ್ಟೆಯೊಳಗೆ, ಬಚ್ಚಲ ಪಕ್ಕದಲ್ಲಿ, ಒಬ್ಬರು ಕುರ್ಚಿ ಹೊತ್ತು ನಡೆಯುವಷ್ಟು ಅಗಲದ ಒಂದು ಸಂದಿ ಇತ್ತು. ಅದರ ತುದಿಯ ಬಾಗಿಲು ಮೇಲಿನ ರಸ್ತೆಗೆ ತೆರೆಯುತ್ತಿತ್ತು.

ನಾನು ಟ್ಯಾಬ್ ತೆಗೆದು ನಮ್ಮ ಮಾದರಿ ನೋಡಿದೆ. ಅದರ ಪ್ರಕಾರ ಮೇಡಂ ನಲವತ್ತು ಹೆಜ್ಜೆ ದಪ್ಪದ ಗಟ್ಟಿ ಗೋಡೆಯೊಳಗಿಂದ ನಡೆದು ಬಂದಿದ್ದರು.

ಆ ಗೋಡೆ ಕಟ್ಟಿದವಳು ನಾನೇ. ಕಂಪ್ಯೂಟರಿನ ಮಟ್ಟಿಗೆ ಒಳ್ಳೆಯ ಕಟ್ಟಡವೆಂದರೆ ನೀರು ಸೋರದ ಡಬ್ಬಿ. ಎಲ್ಲಾದರೂ ತೂತು ಇದ್ದರೆ ಕೆಂಪು ಗುರುತು ಹಾಕುತ್ತದೆ, ಮಾದರಿ ಪಾಸಾಗುವುದಿಲ್ಲ. ಒಂದೊಂದೇ ಗುರುತನ್ನು ತೆರೆದು, ಅದು ಲೇಸರಿನ ತಪ್ಪೋ ನಿಜವಾದ ದಾರಿಯೋ ಎಂದು ನೋಡಬೇಕು. ಎಲ್ಲವನ್ನೂ ಒಂದೇ ಏಟಿಗೆ ಮುಚ್ಚುವ ಗುಂಡಿಯೂ ಇದೆ. ಒಂದು ಶನಿವಾರ ಮಧ್ಯಾಹ್ನ ತಂಗಿಯ ಸೀಮಂತಕ್ಕೆ ಹೋಗುವ ಅವಸರದಲ್ಲಿ ನಾನು ಆ ಗುಂಡಿ ಒತ್ತಿದ್ದೆ. ಕೆಂಪೆಲ್ಲ ಮಾಯವಾಗಿತ್ತು. "ಸಬ್ ಸಾಫ್" ಎಂದು ಮೇಡಂಗೆ ಮೆಸೇಜು ಬೇರೆ ಹಾಕಿದ್ದೆ. ಅವರು ಶಾಬಾಸ್ ಎಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದರು.

"ಸ್ಕ್ಯಾನ್‌ದಾಗೇ ಬಂದಿಲ್ಲ ಅನಸ್ತದ ಮೇಡಂ. ಕಂಪನಿಯವ್ರ ಗಲತಿ" ಎಂದೆ.

"ಹೂಂ. ಕೇಳೋಣ ಬಿಡು" ಎಂದು ಅವರು ಗ್ಲಾಸು ಕೆಳಗಿಟ್ಟರು.

ಮತ್ತೆ ಆಜಿಯ ಮನೆಗೇ ಹೋದೆವು, ಈ ಸಲ ಸಂದಿಯ ಮೂಲಕವೇ. ಚಹಾ ಕುಡಿಯುತ್ತಾ ಆಜಿ ಹೇಳಿದ್ದನ್ನು ಕೇಳಿ ನಾನು ಕಪ್ಪನ್ನು ಕೆಳಗಿಟ್ಟೆ. ಆಜಿಯ ಮಾತೆಲ್ಲ ಮರಾಠಿ, ನಾನು ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಾ ಮದಿವ್ಯಾಗಿ ಬಂದ ದಿನ ನಮ್ಮತ್ತಿ ಅಡಗಿಮನಿ ತೋರಸ್ಲಿಲ್ಲ. ಮೊದಲ ಈ ಮ್ಯಾಲಿನ ಬಾಗಲದ ಅಗಳಿ ತೋರ್ಸಿದ್ಲು. ನದ್ಯಾಗಿನ ಮಾರುತಿ ಸೊಂಟಕ್ಕ ನೀರು ಬಂತಂದ್ರ ಅಗಳಿ ತಗೀಬೇಕು. ಎದಿಗೆ ಬಂತಂದ್ರ ಓಣಿ ಬಾಯಿ ಮುಳಗತದ. ಅಷ್ಟರಾಗ ಎಲ್ಲಾರೂ ನಮ್ಮನಿಯಿಂದ ಮ್ಯಾಲೆ ಹೋಗಿರಬೇಕು."

ನದಿಯ ಪಾತ್ರದಲ್ಲಿ ನಿಂತ ಎರಡು ಮುಖದ ಆ ದೊಡ್ಡ ಮಾರುತಿಯೇ ನಾಸಿಕ್‌ನ ಹಳೆಯ ಊರಿನ ಅಳತೆಗೋಲು. ಅಲ್ಲಿ ಯಾರೂ ಮೀಟರಿನಲ್ಲಿ ಮಾತಾಡುವುದಿಲ್ಲ. ಮೊಣಕಾಲು, ಸೊಂಟ, ಎದೆ, ಕುತ್ತಿಗೆ, ಅಷ್ಟೇ. ಓಣಿಯ ಕೆಳಗಿನ ತುದಿಯಲ್ಲಿ ಒಬ್ಬ ಮುದುಕ ತಾಂಬಟ ಇದ್ದರು, ಎರಡೂ ಕಾಲು ಸೋತವರು. ಹಿಂದಿನ ಸಲ ಅವರನ್ನು ಕುರ್ಚಿಯಲ್ಲಿ ಕೂರಿಸಿ ಈ ಸಂದಿಯಿಂದಲೇ ಹೊತ್ತು ಮೇಲೆ ಸಾಗಿಸಿದ್ದರಂತೆ.

"ಆದ್ರ ಇದನ್ನ ನಿಮ್ಮ ಕಾಗದದಾಗ ಬರೀಬ್ಯಾಡ್ರಿ" ಎಂದರು ಆಜಿ. "ನಕಾಶಾದಾಗ ಬಂತಂದ್ರ ನಾಳಿಗೇ ಎಲ್ಲಾ ಮೋಟರ್‌ಸೈಕಲ್ಲೂ ನನ್ನ ಬಚ್ಚಲದಿಂದನೇ ಹೋಗ್ತಾವ."

ನಿಮ್ಮನ್ನು ಕೇಳದೆ ಬರೆಯುವುದಿಲ್ಲ ಎಂದು ಮೇಡಂ ಮಾತು ಕೊಟ್ಟರು.

ಮುಂದಿನ ವಾರವೇ ನಾಸಿಕ್‌ನಲ್ಲಿ ಸಭೆ. ಪೂರದ ಯೋಜನೆಯ ಕರಡು ಗೋಡೆಯ ಮೇಲೆ ಮೂಡಿತು. ನಮ್ಮ ಮಾದರಿಯನ್ನು ನಂಬಿ ಮಾಡಿದ್ದು. ತಾಂಬಟರ ಓಣಿಯ ಮೇಲೆ ಒಂದು ಹಸಿರು ಬಾಣ. ಮಂದಿಯೆಲ್ಲ ಕೆಳಗಿಳಿದು ಓಣಿಯ ಬಾಯಿಗೆ ಬರಬೇಕು, ಅಲ್ಲಿ ವಾಹನ ನಿಂತಿರುತ್ತದೆ. ಅಂದರೆ ನೀರು ಮೊದಲು ನುಗ್ಗುವ ಜಾಗಕ್ಕೇ ಆ ಮುದುಕನನ್ನು ಹೊತ್ತು ತರಬೇಕು.

ಈ ಬಾಣ ತಪ್ಪು, ಮೇಲ್ಗಡೆ ಹಾದಿ ಇದೆ ಎಂದರು ಮೇಡಂ. ಅಳತೆ ಕಂಪನಿಯ ತರುಣ ಇಂಜಿನಿಯರ್ ನಕ್ಕ. ಲೇಸರ್ ಸುಳ್ಳು ಹೇಳುವುದಿಲ್ಲ, ಮಾದರಿ ಪಾಸಾಗಿದೆ, ಇನ್ನು ಆರ್ಕಿಟೆಕ್ಟರಿಗೆ ಇದರಲ್ಲಿ ಏನು ಕೆಲಸ, ಮುಂಭಾಗಗಳಿಗೆ ಬಣ್ಣ ಸರಿಯಾಗಿದೆಯೋ ನೋಡಿಕೊಟ್ಟರೆ ಸಾಕು ಎಂದ. ಮೇಡಂಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿದ್ದವು. ಕೆಂಪಾದವು. ಆದರೂ ಮೆಲ್ಲಗೆ, ಲೇಸರ್ ಗೋಡೆಯವರೆಗೆ ಹೋಗುತ್ತದೆ, ಗೋಡೆಯಾಚೆ ಯಾರಿದ್ದಾರೆ ಎಂದು ಕೇಳುವುದು ನಮ್ಮ ಕೆಲಸ ಎಂದರು. ಆಮೇಲೆ, ಮೂಲದ ಸ್ಕ್ಯಾನ್ ತೋರಿಸುತ್ತೀರಾ ಎಂದು ಕೇಳಿದರು. ಕೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸಿ ಕೂತುಬಿಡುತ್ತಿದ್ದೆ.

ಎದ್ದು ನಿಂತೆ. "ಸ್ಕ್ಯಾನ್‌ನಲ್ಲಿ ತೂತು ಇದೆ. ಮುಚ್ಚಿದ್ದು ನಾನು" ಎಂದು ಮರಾಠಿಯಲ್ಲಿ ಹೇಳಿದೆ.

ಸಭೆ ನಡೆಸುತ್ತಿದ್ದ ಪಾಲಿಕೆಯ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ತಕ್ಷಣ, ಸಹಿ ಮಾಡಬೇಕಾದವಳು ನಾನು, ತಪ್ಪೂ ನನ್ನದೇ ಎಂದರು. ಹಾಗಾದರೆ ಆ ತೂತು ಎಲ್ಲಿಗೆ ಹೋಗುತ್ತದೆ ಹೇಳಿ, ಈಗಲೇ ಬಾಣ ತಿರುಗಿಸುತ್ತೇವೆ ಎಂದು ಅಧಿಕಾರಿ ಕೇಳಿದರು. ಇಲ್ಲಿ ಸಿಕ್ಕಿಬಿದ್ದದ್ದು ಮೇಡಂ. ಹೇಳಿದರೆ ಆಜಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಬಾಣ ಅಲ್ಲೇ ಉಳಿಯುತ್ತದೆ. ಮನೆಯವರನ್ನು ಕೇಳದೆ ಹೇಳಲಾರೆ, ಆದರೆ ಈ ಬಾಣ ಹೀಗಿರುವವರೆಗೆ ಮಾದರಿಗೆ ನನ್ನ ಸಹಿಯೂ ಸಿಗದು ಎಂದರು. ಜೂನಿನ ಮಿರಗದ ಮಳೆ ಶುರುವಾಗುವ ಮುಂಚೆ ಏನಾದರೊಂದು ಮಾಡಿಕೊಡಿ ಎಂದು ಅಧಿಕಾರಿ ಎದ್ದರು.

ವಾಪಸು ಬರುವಾಗ ಅರ್ಧ ದಾರಿಯ ಯೇವಲಾ ದಾಟುವವರೆಗೂ ನಾನು ಅತ್ತೆ. ಮೇಡಂ ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಕೂತಿದ್ದರು.

"ಎಷ್ಟು ತೂತು ಮುಚ್ಚಿದಿ?"

"ಮುನ್ನೂರ ಚಿಲ್ಲರ."

"ಹಂಗಾದ್ರ ಮುನ್ನೂರ ಸಲ ಕೈ ತೊಳೀಬೇಕು. ನಾಳಿ ಬರೂ ಮುಂದ ಸಾಬಣ ತಗೊಂಡು ಬಾ."

"ನಿಮಗ ಗೊತ್ತಿತ್ತಾ ಮೇಡಂ?"

"ಕಬ್ಬಿನ ಹಾಲಿನ ಅಂಗಡಿ ಮುಂದ ನಿನ್ನ ಮಾರಿ ನೋಡಿದಾಗೇ ತಿಳೀತು. ನೀ ಹೇಳ್ತಿ ಅಂತನೂ ತಿಳೀತು. ಯಾವಾಗ ಅನ್ನೂದಷ್ಟೇ ಗೊತ್ತಿರಲಿಲ್ಲ."

ನನ್ನ ಮೇಲೆ ಯಾರಾದರೂ ಇಷ್ಟು ನಂಬಿಕೆ ಇಟ್ಟಿದ್ದಾರೆಂದು ನನಗೆ ಗೊತ್ತಾದದ್ದು ಅದೇ ಮೊದಲು. ಅದು ಖುಷಿಯ ವಿಷಯವೇ ಆದರೂ ನಾನು ಮತ್ತೆ ಅಳುವುದಕ್ಕೆ ಶುರುಮಾಡಿದೆ. ಮೇಡಂ ಡ್ರೈವರಿಗೆ, ಹಾಡು ಹಚ್ಚಪ್ಪಾ, ಈಕಿ ರಾಗ ಸಾಕಾಯ್ತು ಎಂದರು.

ಮುಂದಿನ ಆರು ವಾರ ನಾವು ನಾಸಿಕ್‌ನಲ್ಲೇ ಬಿಡಾರ ಹೂಡಿದೆವು. ಉಡುಪಿ ಕಡೆಯವರ ಒಂದು ಹೋಟೆಲಿನ ಮೂಲೆಯ ಮೇಜೇ ನಮ್ಮ ಆಫೀಸು. ನಾನು ಮುಚ್ಚಿದ ಒಂದೊಂದು ತೂತಿನ ಹತ್ತಿರವೂ ನಡೆದು ಹೋದೆವು. ಬಹಳಷ್ಟು ಬರೀ ಲೇಸರಿನ ತಪ್ಪುಗಳು. ಕೆಲವು ಬೆಕ್ಕು ಓಡಾಡುವ ಕಿಂಡಿಗಳು. ಒಂದು ಕಡೆ ಗೋಡೆಯೊಳಗೊಂದು ಬಾವಿ ಸಿಕ್ಕಿತು. ಇನ್ನೆರಡು ಕಡೆ ನಿಜವಾದ ದಾರಿಗಳೇ ಸಿಕ್ಕವು, ಆ ಮನೆಯವರು ಒಪ್ಪಿದರು. ಆಜಿ ಮಾತ್ರ ಒಪ್ಪಲಿಲ್ಲ. ಮೇಡಂ ಮೂರು ಸಲ ಹೋಗಿ ಮೂರು ಸಲ ಕೈ ತೊಳೆದು ಬಂದರು. ಬಲವಂತ ಮಾಡಲು ಅವರಿಗೆ ಮನಸ್ಸಿಲ್ಲ. ಆಕೆಯ ಮನೆ, ಆಕೆಯ ಬಾಗಿಲು. ಅತ್ತ ಮೋಡ ಕಟ್ಟತೊಡಗಿತ್ತು. ಅವರಿಗೆ ರೊಟ್ಟಿ ಸೇರುತ್ತಿರಲಿಲ್ಲ, ತಾಂಬಟ ಅಜ್ಜನ ಕುರ್ಚಿಯ ವಿಷಯವನ್ನೇ ಮತ್ತೆ ಮತ್ತೆ ಎತ್ತುತ್ತಿದ್ದರು.

ಒಂದು ದಿನ ಇಡ್ಲಿ ತಿನ್ನುವಾಗ ನನಗೆ ಹೊಳೆಯಿತು. ನಮ್ಮ ಮಾದರಿಯಲ್ಲಿ ನದಿಯ ನೀರನ್ನು ಬೆರಳಿನಿಂದ ಏರಿಸಿ ಇಳಿಸಬಹುದು. ಆಜಿಯ ಬಾಗಿಲನ್ನು ಆ ನೀರಿಗೇ ಕಟ್ಟಿಬಿಟ್ಟರೆ? ನೀರು ಸೊಂಟದ ಕೆಳಗಿರುವವರೆಗೆ ಅಲ್ಲಿ ಗೋಡೆ. ಸೊಂಟ ಮುಟ್ಟಿದರೆ ಬಾಗಿಲು, ಅದೂ ಪೂರದ ಕೆಲಸದವರಿಗೆ ಮಾತ್ರ.

ಮೇಡಂ ಇಡ್ಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಆಜಿ ಮಾಡೂದೂ ಅದೇ ಅಲ್ಲೇನು! ನಡಿ, ಏಳು."

ಎರಡು ದಿನ ಕೂತು ಹಾಗೆಯೇ ಮಾಡಿದೆ. ಮಾರುತಿಯನ್ನೂ ಮಾದರಿಯೊಳಗೆ ನಿಲ್ಲಿಸಿದೆ. ಟ್ಯಾಬನ್ನು ಆಜಿಯ ಮಡಿಲಿಗೆ ಇಟ್ಟಾಗ ಮೇಡಂ ಆಜಿಯದೇ ಒಣಗಿದ ಬೆರಳನ್ನು ಹಿಡಿದು ನೀರಿನ ಮೇಲೆ ಇರಿಸಿದರು. ಆಜಿ ಮೆಲ್ಲಗೆ ಸರಿಸಿದರು. ಮಾರುತಿಯ ಪಾದ ಮುಳುಗಿತು, ಮೊಣಕಾಲು ಮುಳುಗಿತು, ಸೊಂಟಕ್ಕೆ ನೀರು ಬಂತು. ಆಜಿಯ ಮನೆಯ ಹೊಟ್ಟೆಯಲ್ಲಿ ಬಿಳಿಯ ಬಾಗಿಲೊಂದು ತೆರೆದುಕೊಂಡಿತು. ಹಿಂದಕ್ಕೆ ಸರಿಸಿದರು, ಮುಚ್ಚಿಕೊಂಡಿತು. ಐದಾರು ಸಲ ನದಿಯನ್ನು ಏರಿಸಿ ಇಳಿಸಿ, ಬಾಗಿಲು ತೆರೆದು ಮುಚ್ಚಿ ಆಡಿದರು.

"ಇದಕ್ಕೂ ಯಾರೋ ಅತ್ತಿ ಹೇಳಿಕೊಟ್ಟಾಳ" ಎಂದರು ಕೊನೆಗೆ.

ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಬರುವವರು ಪೊಲೀಸರಂತೆ ಬಾಗಿಲು ಒಡೆದು ಬರಬಾರದು, ನೀವು ಬಂದ ಹಾಗೆ ಬರಬೇಕು. ಮಾದರಿಯಲ್ಲಿ ಪ್ರತಿ ಕಟ್ಟಡಕ್ಕೂ ಸೂಚನೆ ಬರೆಯುವ ಒಂದು ಖಾನೆ ಇರುತ್ತದೆ. ಛಾವಣಿ ಶಿಥಿಲ, ವಿದ್ಯುತ್ ಕಂಬ ಹತ್ತಿರ, ಹೀಗೆ ಬರೆಯುವ ಜಾಗ. ಅದರಲ್ಲಿ ಮೇಡಂ ನನ್ನಿಂದ ಮರಾಠಿಯಲ್ಲಿ ಬರೆಸಿದರು: "ಮೇಲಿನ ರಸ್ತೆಯ ಬಾಗಿಲು ಮೆಲ್ಲಗೆ ತಟ್ಟಿ. ಕೈ ತೊಳೆಯಲು ಜಾಗ ಕೇಳಿ. ಆಜಿ ಒಳಗೆ ಕರೆದುಕೊಳ್ಳುತ್ತಾರೆ." ನನಗೆ ನಗು ಬಂತು. ಇಂಜಿನಿಯರಂತೂ ಸಭೆಯಲ್ಲಿ ಜೋರಾಗಿಯೇ ನಕ್ಕ. ಅಧಿಕಾರಿ ಹುಬ್ಬು ಗಂಟಿಕ್ಕಿ ಎರಡು ಸಲ ಓದಿ, ಇರಲಿ ಎಂದರು. ಹಸಿರು ಬಾಣ ಮೇಲಕ್ಕೆ ತಿರುಗಿತು. ಮೇಡಂ ಸಹಿ ಮಾಡಿದರು.

ಆ ವರ್ಷ ನೀರು ಮಾರುತಿಯ ಮೊಣಕಾಲು ದಾಟಲಿಲ್ಲ. ಮುಂದಿನ ಎರಡು ವರ್ಷವೂ ದಾಟಲಿಲ್ಲ. ಮಳೆಗಾಲ ಮುಗಿದಾಗಲೆಲ್ಲ ಮೇಡಂ, ಛಲೋ ಆಯ್ತು ಎನ್ನುತ್ತಿದ್ದರು. ಆದರೂ ಆ ಬಾಗಿಲು ಕೆಲಸ ಮಾಡುವುದನ್ನು ಒಮ್ಮೆ ನೋಡುವ ಆಸೆ ಅವರಿಗೆ ಇತ್ತೆಂದು ನನಗೆ ಗೊತ್ತು. ನೋಡಲಿಲ್ಲ. ಹೋದ ಮಾಘದಲ್ಲಿ, ಬೆಳಗಿನ ಚಹಾ ಕುಡಿದು ಟೇಪು ಚೀಲಕ್ಕೆ ಹಾಕಿಕೊಳ್ಳುವಾಗ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸುದ್ದಿ ಹೇಳಲು ನಾನು ನಾಸಿಕ್‌ಗೆ ಹೋದೆ. ಕೇಳಿ ಆಜಿ ಕಟ್ಟೆಯಿಂದ ಎದ್ದರು. ನನ್ನನ್ನು ಒಳಗೆ ಬಚ್ಚಲಿಗೆ ಕರೆದುಕೊಂಡು ಹೋಗಿ, ಚೊಂಬಿನಿಂದ ತಾವೇ ನನ್ನ ಕೈಗೆ ನೀರು ಹಾಕಿದರು. ನನ್ನ ಕೈಗಳು ಸ್ವಚ್ಛವಾಗಿಯೇ ಇದ್ದವು. ಆದರೂ ತೊಳೆದುಕೊಂಡೆ.

ಈ ಶ್ರಾವಣದಲ್ಲಿ ಮೇಲಿನ ಅಣೆಕಟ್ಟು ತುಂಬಿ ನೀರು ಬಿಟ್ಟರು. ಬೆಳಿಗ್ಗೆ ಹತ್ತರಿಂದ ನಾನು ಸಂಭಾಜಿನಗರದ ಆಫೀಸಿನಲ್ಲಿ ಮಾದರಿ ತೆರೆದುಕೊಂಡೇ ಕೂತಿದ್ದೆ. ನಾಸಿಕ್‌ನಿಂದ ನೀರಿನ ಮಟ್ಟ ಬಂದ ಹಾಗೆಲ್ಲ ಪರದೆಯ ಮೇಲಿನ ನದಿ ಏರುತ್ತದೆ. ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ಹನ್ನೊಂದೂವರೆಗೆ ಸೊಂಟ. ತಾಂಬಟರ ಓಣಿಯ ತುದಿಯಲ್ಲಿ ಬಿಳಿಯ ಬಾಗಿಲು ತೆರೆಯಿತು. ಆಜಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಒಂದು ಗಂಟೆಯ ಮೇಲೆ ನೀರು ಎದೆಗೆ ಬಂತು. ಪರದೆಯ ಮೇಲೆ ಓಣಿಯ ಬಾಯಿ ನೀಲಿಯಾಯಿತು. ಊಟದ ಡಬ್ಬಿ ತೆರೆಯಲಿಲ್ಲ. ಮಾದರಿಯಲ್ಲಿ ಬಾಗಿಲು ತೆರೆಯುವುದು ಸುಲಭ, ಅಲ್ಲಿ ಆ ಅಗಳಿ ತೆಗೆಯಬೇಕಾದದ್ದು ಎಂಬತ್ತು ದಾಟಿದ ಕೈ.

ನಾಲ್ಕು ಗಂಟೆಗೆ ಮೇಡಂ ಫೋನ್ ಹೊಡೆದುಕೊಂಡಿತು. ಅವರ ನಂಬರೇ ಆಫೀಸಿನ ನಂಬರಾದ್ದರಿಂದ ಅದನ್ನು ನಾನೇ ಇಟ್ಟುಕೊಂಡಿದ್ದೇನೆ. ಆಜಿಗೆ ಬಾಯಿಪಾಠ ಇದ್ದದ್ದು ಅದೊಂದೇ ನಂಬರು.

"ಎಲ್ಲಾರೂ ಮ್ಯಾಲೆ ಹೋದ್ರವ್ವ" ಎಂದರು ಆಜಿ. "ಮುದುಕ ತಾಂಬಟನೂ ಹೋದ. ಕುರ್ಚಿ ಮ್ಯಾಲೆ ರಾಜಾನಂಗ."

ನಾನು ಕುರ್ಚಿಯಿಂದ ಎದ್ದು ನಿಂತೆ. ಆಜಿಯೇ ಮುಂದುವರಿಸಿದರು.

"ನನಗ ಅಗಳಿ ಎಳಿಯಾಕ ಆಗವಲ್ದಾಗಿತ್ತು. ಅಷ್ಟರಾಗ ಮ್ಯಾಲಿನ ಬಾಗಲಾ ಯಾರೋ ತಟ್ಟಿದ್ರು. ಮೆಲ್ಲಕ. ಯಾರಪ್ಪಾ ಅಂದೆ. ಅಗ್ನಿಶಾಮಕದವ್ರು, ಎಂಟು ಮಂದಿ. ಅವರಾಗಿನ ಹಿರ್ಯಾ ಹೊರಗ ನಿಂತು ಏನಂದ ಗೊತ್ತೇನು? ಆಜಿ, ಕೈ ತೊಳ್ಕೊಳ್ಳಾಕ ಜಾಗಾ ಅದೇನು ಅಂದ."

"ನೀವು ಏನಂದ್ರಿ ಆಜಿ?"

"ಏನನ್ಲಿ? ನಗು ಬಂತು, ಅಳೂನೂ ಬಂತು. ಎಲ್ಲಿಂದ ಬಂತೋ ಆ ಶಕ್ತಿ, ಎಳದೆ, ಅಗಳಿ ಬಂತು." ಹಿಂದೆ ಮಂದಿಯ ಗದ್ದಲ, ಯಾರದೋ ಮಗುವಿನ ಅಳು, ಪಾತ್ರೆಗಳ ಸದ್ದು ಕೇಳುತ್ತಿತ್ತು. "ನಿಮ್ಮ ಮೇಡಂ ಹೋದ ಮ್ಯಾಲೂ ನನ್ನ ಮನಿಗಿ ಮಂದಿ ಕಳಸೂದು ಬಿಟ್ಟಿಲ್ಲ ನೋಡು. ಎಂಟೂ ಮಂದಿ ಕೆಲಸ ಮುಗಿಸಿ ಈಗ ಬಚ್ಚಲದಾಗ ನಿಂತು ಕೈ ತೊಳ್ಕೊಳ್ಳಾಕ ಹತ್ಯಾರ. ಫೋನ್ ಇಡ್ತೀನಿ ತಡಿ, ಚಾ ಮಾಡಬೇಕು."